ನೀಲಿ ಚೀಟಿಯ ಬೀಜ

ಮಿರಗಾ (ಮೃಗಶಿರಾ) ಮಳೆ ಹದವಾಗಿ ಬಿದ್ದ ಮರುದಿನ ನಸುಕಿನಲ್ಲಿಯೇ ಬಿತ್ತನೆ ಬೀಜಕ್ಕಾಗಿ ಅಪ್ಪನೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಧಾರವಾಡ ಜಿಲ್ಲೆಯ ನಮ್ಮ ಎರೆ ಹೊಲಗಳಲ್ಲಿ ಸೋಯಾಬೀನ್ ಬಿತ್ತಲು ಸರಿಯಾದ ಹದ ಸಿಗುವುದು ಕೆಲವೇ ದಿನ. ನಾವು ತಲುಪುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ಸಾಲು ಹತ್ತಿತ್ತು. ಹಲವು ಚಪ್ಪಲಿಗಳಡಿ ಆಧಾರ್ ಝೆರಾಕ್ಸ್ ಮಡಚಿಟ್ಟಿದ್ದರು. ಅಪ್ಪನೂ ತನ್ನದೊಂದು ಚಪ್ಪಲಿಯನ್ನು ಸಾಲಿಗೆ ಸೇರಿಸಿ ಬೇವಿನ ಮರದಡಿ ಕುಳಿತ.

ಹಿಂದಿನ ವರ್ಷ ಇಷ್ಟು ಕಾಯಲು ತಾಳ್ಮೆ ಸಾಲದೆ ಪೇಟೆಯ ಒಂದು ಅಂಗಡಿಯಲ್ಲಿ ಚೀಟಿಯಿಲ್ಲದ ಬಿಡಿ ಬೀಜ ತಂದಿದ್ದೆವು. ಬಿತ್ತಿ ಎಂಟು ದಿನ ಕಳೆದರೂ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಮಣ್ಣು ಕೆದರಿ ನೋಡಿದರೆ ಬೀಜ ಕೊಳೆತು ಕೈಗೆ ಅಂಟುತ್ತಿತ್ತು. 1966ರ ಬೀಜ ಕಾಯ್ದೆಯ ಪ್ರಕಾರ ಅಧಿಸೂಚಿತ ತಳಿಯ ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ನಮೂದಾಗಿರಬೇಕು, ಸೋಯಾಬೀನ್‌ಗೆ ಅದು ಕನಿಷ್ಠ ಶೇ. 70ರಷ್ಟಿರಬೇಕು. ಆದರೆ ನಮ್ಮ ಕೈಯಲ್ಲಿ ಚೀಟಿಯೂ ಇರಲಿಲ್ಲ, ರಸೀದಿಯೂ ಇರಲಿಲ್ಲ. ಯಾವ ಆಧಾರದ ಮೇಲೆ ದೂರು ಕೊಡುವುದು? ಎರಡನೆಯ ಬಿತ್ತನೆಗೆ ಮತ್ತೆ ಕೈಗಡ ಮಾಡಬೇಕಾಯಿತು.

ಈ ಸಲ ಕೇಂದ್ರದಲ್ಲಿ ನಮಗೆ ಸಿಕ್ಕಿದ್ದು 30 ಕಿಲೋದ ಒಂದು ಚೀಲ. ಅದರ ಬಾಯಿಗೆ ಹೊಲಿದಿದ್ದ ಪ್ರಮಾಣಿತ ಬೀಜದ ನೀಲಿ ಚೀಟಿಯನ್ನು ಅಪ್ಪ ಕಣ್ಣಿನ ಹತ್ತಿರ ಹಿಡಿದು ತಳಿ, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕಗಳನ್ನು ನನ್ನಿಂದ ಎರಡು ಸಲ ಓದಿಸಿದ. ಇನ್ನೊಂದು ಎಕರೆಗೆ ಮನೆಯ ಬೀಜವೇ ಇತ್ತು. ವಾರದ ಹಿಂದೆ ಅವ್ವ ಅದರಲ್ಲಿ ನೂರು ಕಾಳುಗಳನ್ನು ಎಣಿಸಿ, ಒದ್ದೆ ಗೋಣಿಚೀಲದ ಮೇಲೆ ಹತ್ತು ಹತ್ತರ ಸಾಲಾಗಿ ಹರಡಿ ಸುತ್ತಿಟ್ಟು, ಮುಂಜಾನೆ ಸಂಜೆ ನೀರು ಚಿಮುಕಿಸಿದ್ದಳು. ಐದನೆಯ ದಿನ ಬಿಚ್ಚಿದಾಗ ಗಟ್ಟಿಯಾಗಿ ಮೊಳೆತಿದ್ದವು 78. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಹಿಂದಿನ ವರ್ಷವೇ ಮಾಡಿದ್ದರೆ ಎಂದು ಇಂದಿಗೂ ನನಗೆ ಸಂಕಟವಾಗುತ್ತದೆ.

ಬೀಜ ಸಿಕ್ಕ ಮೇಲೆ ಗೊಬ್ಬರದ ಅಲೆದಾಟ. 50 ಕಿಲೋದ ಡಿಎಪಿ ಚೀಲಕ್ಕೆ 1,350 ರೂಪಾಯಿ ಎಂದು ಚೀಲದ ಮೇಲೆಯೇ ಅಚ್ಚಾಗಿದ್ದರೂ, ನಾವು ಹೋದ ಅಂಗಡಿಯವರು ಬೇಡದ ದ್ರವಗೊಬ್ಬರದ ಎರಡು ಬಾಟಲಿಗಳನ್ನು ಮುಂದಿಟ್ಟು, “ಇವನ್ನ ತಗೊಂಡ್ರಷ್ಟ ಡಿಎಪಿ ಕೊಡಾಕ ಬರತೈತ್ರಿ” ಎಂದರು. ಹಳ್ಳಿಗಳಲ್ಲಿ ಇದಕ್ಕೆ ‘ಲಿಂಕ್’ ಎನ್ನುತ್ತಾರೆ. ಕೈಯಲ್ಲಿ ಹಣವಿರುವ ದೊಡ್ಡ ಹಿಡುವಳಿದಾರ ಏಪ್ರಿಲ್‌ನಲ್ಲೇ ಗೊಬ್ಬರ ತಂದು ಕೂಡಿಡಬಲ್ಲ; ಮಳೆ ಬಿದ್ದ ಮೇಲೆಯೇ ಸಾಲ ಹುಟ್ಟುವ ಎರಡು ಎಕರೆಯವನು ಮಾತ್ರ ಎಲ್ಲರಿಗೂ ಅವಸರವಿರುವ ದಿನವೇ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಬೆಲೆಯನ್ನು ಸರ್ಕಾರ ಎಷ್ಟೇ ತಗ್ಗಿಸಿದರೂ, ಊರಿನ ಸಹಕಾರಿ ಸಂಘದ ಗೋದಾಮಿಗೆ ಮಳೆಗಿಂತ ಮೊದಲೇ ಗೊಬ್ಬರ ಬಂದು ಬೀಳದಿದ್ದರೆ ಅದು ಇವನಿಗೆ ಮುಟ್ಟುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡದ್ದನ್ನು ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ನೆನೆದ.

ನಾವು ಬಾಟಲಿ ಕೊಳ್ಳಲಿಲ್ಲ. ಒಂದು ಚೀಲ ಡಿಎಪಿಯ ಬದಲು ಮೂರು ಚೀಲ ಸೂಪರ್ ಫಾಸ್ಫೇಟ್, ಒಂದು ಚೀಲ ಯೂರಿಯಾ ಹಾಕಿದರೆ ರಂಜಕ ಕಡಿಮೆಯಾಗದು, ಎಣ್ಣೆಕಾಳಿಗೆ ಬೇಕಾದ ಗಂಧಕವೂ ಸಿಗುತ್ತದೆ ಎಂದು ಬೆಳಿಗ್ಗೆ ಕೃಷಿ ಅಧಿಕಾರಿಗಳು ತಿಳಿಸಿದ್ದರು. ಪಕ್ಕದೂರಿನ ಸಂಘದಲ್ಲಿ ಎರಡೂ ಸಿಕ್ಕವು. ಅಪ್ಪ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ರಸೀದಿ ಕೈಗೆ ಬರುವವರೆಗೂ ಅಲ್ಲಿಂದ ಕದಲಲಿಲ್ಲ.

ಟಂಟಂ ಗಾಡಿಯ ಹುಡುಗ ಬೀಜದ ಚೀಲವನ್ನು ಗೊಬ್ಬರದ ಮೇಲೆ ಒಗೆಯಲು ಎತ್ತಿದ. ಸೋಯಾಬೀನ್‌ನ ಸಿಪ್ಪೆ ಬಹಳ ತೆಳು. ಪೆಟ್ಟು ಬಿದ್ದ ಕಾಳು ಮೊಳೆಯುವುದಿಲ್ಲ. “ಒಗೀಬ್ಯಾಡಪಾ, ಇಲ್ಲೆ ಕೊಡು” ಎಂದು ಅಪ್ಪ ಅದನ್ನು ಇಸಿದುಕೊಂಡು ಊರು ಮುಟ್ಟುವವರೆಗೂ ತೊಡೆಯ ಮೇಲಿಟ್ಟುಕೊಂಡೇ ಕುಳಿತ.