ಡಬ್ಲಿನ್‌ಗೆ ಹೋಗುವ ಕಾರವಾರ, ಶಿರಸಿಯವರೇ, ಬೆಲ್‌ಫಾಸ್ಟ್ ಮತ್ತು ಡೆರಿ ಬಿಡಬೇಡಿ

ನಮ್ಮ ಕಾರವಾರ, ಶಿರಸಿ ಕಡೆಯಿಂದ ಡಬ್ಲಿನ್‌ನಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಅಪ್ಪ ಅಮ್ಮಂದಿರು ಈಗ ಜಾಸ್ತಿ. ಹೋದವರು ಹಸಿರು ಗುಡ್ಡ, ಸಮುದ್ರ ನೋಡಿ ಬರುತ್ತಾರೆ. ಅದು ನಮ್ಮಲ್ಲೂ ಇದೆ. ಡಬ್ಲಿನ್‌ನಿಂದ ರೈಲಿನಲ್ಲಿ ಎರಡು ತಾಸು ಕುಳಿತರೆ ಬೆಲ್‌ಫಾಸ್ಟ್, ಅಲ್ಲಿಂದ ಮತ್ತೆರಡು ತಾಸಿಗೆ ಡೆರಿ. ಮೂವತ್ತು ವರ್ಷ ಅಕ್ಕಪಕ್ಕದವರೇ ಒಬ್ಬರನ್ನೊಬ್ಬರು ಕೊಂದುಕೊಂಡ ಊರುಗಳು ಇವು, ಮತ್ತು ಅದನ್ನು ಮುಚ್ಚಿಡದೆ ಬಂದವರಿಗೆ ತೋರಿಸುತ್ತಾರೆ. ನಾವಿಬ್ಬರು, ಶಿರಸಿಯ ಅಕ್ಕ ಭಾವ ಸೇರಿ ಹೋಗಿಬಂದೆವು. ಹೋಗುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ವೀಸಾ. ಡಬ್ಲಿನ್ ಇರುವುದು ಐರ್ಲೆಂಡ್ ದೇಶದಲ್ಲಿ, ಆದರೆ ಬೆಲ್‌ಫಾಸ್ಟ್, ಡೆರಿ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿನ ಕೈಯಲ್ಲಿ. ಬರೀ ಐರ್ಲೆಂಡಿನ ವೀಸಾ ಅಲ್ಲಿ ನಡೆಯುವುದಿಲ್ಲ, ಷೆಂಗೆನ್ ವೀಸಾ ಅಂತೂ ಎರಡೂ ಕಡೆ ನಡೆಯುವುದಿಲ್ಲ. ಭಾರತದವರಿಗೆ ಬ್ರಿಟಿಷ್ ಐರಿಷ್ ವೀಸಾ ಯೋಜನೆ ಅಂತ ಒಂದಿದೆ. ವೀಸಾ ಮೇಲೆ ಬಿಐವಿಎಸ್ ಎಂದು ಇದ್ದರೆ ಒಂದರಲ್ಲೇ ಎರಡೂ ಕಡೆ ಓಡಾಡಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಹೋಗಿ ಇಳಿಯಬೇಕು. ಅರ್ಜಿ ಹಾಕುವಾಗಲೇ ಇದನ್ನು ವಿಚಾರಿಸಿ. ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆದು ತೋರಿಸಿ ಅಭ್ಯಾಸವಾದ ನಮಗೆ ಅಲ್ಲಿ ಗಡಿ ಯಾವಾಗ ದಾಟಿತು ಅಂತಲೇ ತಿಳಿಯುವುದಿಲ್ಲ, ಮೊಬೈಲ್‌ಗೆ ಮೆಸೇಜ್ ಬಂದಾಗಲೇ ಗೊತ್ತಾಗುವುದು. ಆ ಮೂವತ್ತು ವರ್ಷದ ಗಲಾಟೆಯ ಕಾಲದಲ್ಲಿ ಅದೇ ಗಡಿಯಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು. ಕೇಳುವವರಿಲ್ಲ ಅಂತ ವೀಸಾ ಇಲ್ಲದೆ ಹೋಗಬೇಡಿ, ಬಸ್ಸು ನಿಲ್ಲಿಸಿ ತಪಾಸಣೆ ಮಾಡುವುದೂ ಉಂಟು. ಯುರೋ ಅಲ್ಲ, ಪೌಂಡ್ ಬೇಕು. ಅಲ್ಲಿನ ಬ್ಯಾಂಕುಗಳೇ ಅಚ್ಚು ಹಾಕುವ ನೋಟುಗಳನ್ನು ಅಲ್ಲೇ ಖರ್ಚು ಮಾಡಿ ಮುಗಿಸಿ, ಲಂಡನ್ ಅಂಗಡಿಗಳಲ್ಲಿ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುತ್ತಾರೆ.

ರೈಲಿನಲ್ಲಿ ಭಾವ ಕೇಳಿದರು, "ಅವರೂ ಕ್ರೈಸ್ತರು, ಇವರೂ ಕ್ರೈಸ್ತರು, ಮತ್ತೆ ಜಗಳ ಯಾಕೆ ತಂಗಿ?" ಹೋಗುವ ಮುಂಚೆ ಈ ಪ್ರಶ್ನೆಗೆ ಉತ್ತರ ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಗೋಡೆಯ ಚಿತ್ರಗಳ ಮುಂದೆ ಸುಮ್ನೆ ಫೋಟೊ ತೆಗೆಸಿಕೊಂಡು ಬರುತ್ತೀರಿ. 1609ರಿಂದ ಬ್ರಿಟಿಷ್ ರಾಜ ಅಲ್ಲಿನ ಕ್ಯಾಥೊಲಿಕರ ಭೂಮಿ ಕಿತ್ತು ಸ್ಕಾಟ್ಲೆಂಡ್, ಇಂಗ್ಲೆಂಡಿನ ಪ್ರಾಟೆಸ್ಟಂಟರಿಗೆ ಹಂಚಿದ. 1921ರಲ್ಲಿ ಐರ್ಲೆಂಡ್ ಎರಡಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿಗೆ ಉಳಿದವು. ಆಗ ಅಲ್ಲಿ ಪ್ರಾಟೆಸ್ಟಂಟರು ಜಾಸ್ತಿ ಇದ್ದರು, ಅವರಲ್ಲಿ ಹೆಚ್ಚಿನವರಿಗೆ ಬ್ರಿಟನ್ ಬೇಕು. ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಐರ್ಲೆಂಡ್ ಬೇಕು. ಅಂದರೆ ಜಗಳ ದೇವರದ್ದಲ್ಲ. ಮನೆ, ಕೆಲಸ, ಮತ, ಇವುಗಳದ್ದು. ಸ್ಥಳೀಯ ಚುನಾವಣೆಯಲ್ಲಿ ಮನೆ ಇದ್ದವರಿಗೆ ಮಾತ್ರ ಮತ, ಮನೆ ಹಂಚುವುದು ಕೌನ್ಸಿಲ್, ಹಾಗಾಗಿ ಯಾರಿಗೆ ಮನೆ ಕೊಡಬೇಕು ಅನ್ನುವುದರಲ್ಲೇ ಯಾರು ಗೆಲ್ಲಬೇಕು ಅನ್ನುವುದೂ ತೀರ್ಮಾನವಾಗುತ್ತಿತ್ತು. ಡೆರಿಯಲ್ಲಿ ಕ್ಯಾಥೊಲಿಕರೇ ಜಾಸ್ತಿ ಇದ್ದರೂ ವಾರ್ಡುಗಳ ಗಡಿ ಹಾಗೆ ಎಳೆದು ಅಧಿಕಾರ ಇನ್ನೊಂದು ಕಡೆಯವರ ಹತ್ತಿರವೇ ಇಟ್ಟುಕೊಂಡಿದ್ದರು. 1968ರಲ್ಲಿ ಇದರ ವಿರುದ್ಧ ಮೆರವಣಿಗೆ, ಪೊಲೀಸರ ಲಾಠಿ. 1969ರಲ್ಲಿ ಬ್ರಿಟಿಷ್ ಸೈನ್ಯ ಬಂತು. 1998ರ ಏಪ್ರಿಲ್ 10ರ ಶಾಂತಿ ಒಪ್ಪಂದದ ತನಕ ಸತ್ತವರು ಸುಮಾರು 3,500. ಆಗ ಅಲ್ಲಿನ ಜನಸಂಖ್ಯೆ ಸುಮಾರು 15 ಲಕ್ಷ. ನಮ್ಮ ಉತ್ತರ ಕನ್ನಡ ಜಿಲ್ಲೆಯದು 2011ರ ಜನಗಣತಿಯಲ್ಲಿ 14 ಲಕ್ಷ ಚಿಲ್ಲರೆ. ಭಟ್ಕಳದಿಂದ ಮಾಜಾಳಿ, ಮೇಲೆ ಹಳಿಯಾಳದ ತನಕ ಅಷ್ಟು ಹೆಣ ಬಿದ್ದರೆ ಸಾವು ಕಾಣದ ಓಣಿ ಉಳಿಯುತ್ತಿತ್ತಾ?

ಬೆಲ್‌ಫಾಸ್ಟ್‌ನಲ್ಲಿ ಬ್ಲ್ಯಾಕ್ ಟ್ಯಾಕ್ಸಿ ಪ್ರವಾಸ ಎಲ್ಲರೂ ಮಾಡುತ್ತಾರೆ. ಕಾಲಿಗೆ ಶಕ್ತಿ ಇದ್ದರೆ ನಡೆದು ನೋಡುವುದನ್ನು ಹುಡುಕಿ. ಕ್ಯಾಥೊಲಿಕರ ಫಾಲ್ಸ್ ರಸ್ತೆಯಲ್ಲಿ ಗಲಾಟೆಯ ಕಾಲದಲ್ಲಿ ಜೈಲು ಕಂಡ ಆ ಕಡೆಯ ಮಾಜಿ ಕೈದಿ ಕಥೆ ಹೇಳುತ್ತಾ ಕರೆದೊಯ್ದು, ಅರ್ಧ ದಾರಿಯಲ್ಲಿ ಪ್ರಾಟೆಸ್ಟಂಟರ ಶಾಂಕಿಲ್ ಕಡೆಯ ಮಾಜಿ ಕೈದಿಗೆ ನಮ್ಮನ್ನು ಒಪ್ಪಿಸುತ್ತಾನೆ. ಇಬ್ಬರ ಕಥೆ ಬೇರೆ ಬೇರೆ. ಒಂದನ್ನೇ ಕೇಳಿ ಬಂದರೆ ಅರ್ಧವೇ ಕೇಳಿದ ಹಾಗೆ. ಈ ಎರಡು ಕಡೆಯವರ ನಡುವೆ ಕಟ್ಟಿದ ಗೋಡೆ ನೋಡಿ: ಕೆಳಗೆ ಕಾಂಕ್ರೀಟ್, ಮೇಲೆ ತಗಡು, ಅದರ ಮೇಲೆ ತಂತಿಬಲೆ. 1969ರ ಆಗಸ್ಟ್‌ನಲ್ಲಿ ಸುಟ್ಟುಹೋದ ಬಾಂಬೆ ಸ್ಟ್ರೀಟ್ ಅದಕ್ಕೆ ತಾಗಿಕೊಂಡೇ ಇದೆ. ಅಲ್ಲಿ ಮನೆಗಳ ಹಿತ್ತಿಲಿಗೆ ಪೂರ್ತಿ ಜಾಲರಿ ಹಾಕಿದ್ದಾರೆ, ಆಚೆಯಿಂದ ಕಲ್ಲು, ಪೆಟ್ರೋಲ್ ಬಾಂಬ್ ಬೀಳದಿರಲಿ ಅಂತ. ಗೋಡೆ ಮೇಲೆ ಹೆಸರು ಬರೆಯಲು ಮಾರ್ಕರ್ ಪೆನ್ ಕೊಡುತ್ತಾರೆ. ನಾನು ಬರೆಯಲಿಲ್ಲ, ಆ ಹಿತ್ತಿಲು ನೋಡಿದ ಮೇಲೆ ಮನಸ್ಸಾಗಲಿಲ್ಲ. 2023ರೊಳಗೆ ಇಂಥ ಎಲ್ಲ ಗೋಡೆ ತೆಗೆಯುತ್ತೇವೆ ಅಂತ ಅಲ್ಲಿನ ಸರ್ಕಾರದವರು ಅಂದಿದ್ದರು, ಆಗಲಿಲ್ಲ.

ಶಾಂಕಿಲ್ ರಸ್ತೆಯಲ್ಲಿ ಒಂದು ಮೀನಂಗಡಿ ಇತ್ತು. 1993ರ ಅಕ್ಟೋಬರ್ 23, ಶನಿವಾರ ಮಧ್ಯಾಹ್ನ ಐಆರ್‌ಎ, ಅಂದರೆ ಐರ್ಲೆಂಡ್ ಒಂದಾಗಬೇಕು ಅಂತ ಬಂದೂಕು ಹಿಡಿದ ಗುಂಪು, ಅಲ್ಲಿ ಬಾಂಬ್ ಇಟ್ಟಿತು. ಬಾಂಬ್ ತಂದವನೂ ಸೇರಿ 10 ಜನ ಸತ್ತರು, ಅವರಲ್ಲಿ 7 ಮತ್ತು 13 ವರ್ಷದ ಇಬ್ಬರು ಹುಡುಗಿಯರು. ಒಂದು ವಾರಕ್ಕೆ ಸೇಡಿಗೆ ಪ್ರಾಟೆಸ್ಟಂಟರ ಕಡೆಯ ಬಂದೂಕುಧಾರಿಗಳು ಗ್ರೇಸ್ಟೀಲ್ ಹಳ್ಳಿಯ ಒಂದು ಬಾರ್‌ನಲ್ಲಿ ಗುಂಡಿಕ್ಕಿ 8 ಜನರನ್ನು ಕೊಂದರು. ದಿನಾ ಬೆಳಿಗ್ಗೆ ಮೀನು ಪೇಟೆಗೆ ಹೋಗುವವಳು ನಾನು, ಅಲ್ಲಿ ನಿಂತು ಮಾತೇ ಹೊರಡಲಿಲ್ಲ.

ಡೆರಿಗೆ ಹೋಗುವಾಗ ಲಂಡನ್‌ಡೆರಿ ಅನ್ನುವ ಹೆಸರು ಕಂಡರೆ ಗಾಬರಿ ಬೇಡ, ಒಂದೇ ಊರು. ಸ್ಟೇಷನ್‌ನಿಂದ ಹೊಳೆಯ ಪೀಸ್ ಬ್ರಿಜ್ ದಾಟಿ ಕೋಟೆ ಗೋಡೆ ಹತ್ತಿ. ಸುತ್ತು ಸುಮಾರು ಒಂದೂವರೆ ಕಿಲೋಮೀಟರ್, ದುಡ್ಡಿಲ್ಲ. ಮೇಲೆ ಫಿರಂಗಿಗಳು, ಕೆಳಗೆ ತಗ್ಗಿನಲ್ಲಿ ಬಡ ಕ್ಯಾಥೊಲಿಕರ ಬಾಗ್‌ಸೈಡ್. ಯಾರು ಮೇಲೆ, ಯಾರು ಕೆಳಗೆ ಅಂತ ಬೇರೆ ಹೇಳಬೇಕಿಲ್ಲ. ಕೆಳಗಿಳಿದು ಮ್ಯೂಸಿಯಂ ಆಫ್ ಫ್ರೀ ಡೆರಿಗೆ ಅರ್ಧ ದಿನ ಇಟ್ಟುಕೊಳ್ಳಿ. 1972ರ ಜನವರಿ 30ರಂದು ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. 13 ಜನ ಅಂದೇ ಸತ್ತರು, ಇನ್ನೊಬ್ಬರು ಆಮೇಲೆ. ಹತ್ತಿರದ ಗೋಡೆಯೊಂದರ ದೊಡ್ಡ ಚಿತ್ರದಲ್ಲಿ ಒಬ್ಬ ಪಾದ್ರಿ ಬಿಳಿ ಕರವಸ್ತ್ರ ಬೀಸುತ್ತಾ ಬಗ್ಗಿ ನಡೆಯುತ್ತಿದ್ದಾರೆ, ಹಿಂದೆ ಕೆಲವರು ಅಂದು ಸತ್ತ 17 ವರ್ಷದ ಜಾಕಿ ಡಡಿಯನ್ನು ಹೊತ್ತಿದ್ದಾರೆ. ಮೊದಲ ತನಿಖೆ ಸೈನಿಕರ ಪರ ನಿಂತಿತು. ಸತ್ತವರು ನಿರಪರಾಧಿಗಳು ಅಂತ ಎರಡನೆಯ ತನಿಖೆಯ ಸಾವಿಲ್ ವರದಿ ಹೇಳಿದ್ದು 2010ರ ಜೂನ್ 15ರಂದು, ಅವತ್ತೇ ಪ್ರಧಾನಿ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮೂವತ್ತೆಂಟು ವರ್ಷ ಆ ಮನೆಯವರು ಬೀದಿಯಲ್ಲಿ ನಿಂತು ಕೇಳಿದ್ದಾರೆ.

ಇನ್ನು ಸಣ್ಣಪುಟ್ಟ ಮಾತು. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಜಾಕೆಟ್ ಒಯ್ಯಿರಿ. ಬ್ಲ್ಯಾಕ್ ಪುಡಿಂಗ್ ಸಿಹಿ ತಿಂಡಿಯಲ್ಲ, ಹಂದಿ ರಕ್ತದ್ದು. ಅಕ್ಕ ತಂದ ಅವಲಕ್ಕಿ, ಚಟ್ನಿಪುಡಿ ನಮ್ಮನ್ನು ಕಾಪಾಡಿತು. ಸೆಲ್ಟಿಕ್, ರೇಂಜರ್ಸ್ ಫುಟ್‌ಬಾಲ್ ಟೀ ಶರ್ಟ್ ಮೊಮ್ಮಕ್ಕಳಿಗೆ ಹಾಕಬೇಡಿ, ಅದು ಯಾವ ಕಡೆಯವರು ಅಂತ ಹೇಳಿದಂತೆ. ನೀವು ಯಾವ ಪಂಗಡ ಅಂತ ಯಾರನ್ನೂ ಕೇಳಬೇಡಿ. ಜುಲೈ 12ರ ಸುತ್ತಮುತ್ತ ಹೋಗುವುದಾದರೆ ಮೊದಲೇ ವಿಚಾರಿಸಿ: 1690ರ ಬಾಯ್ನ್ ಯುದ್ಧದ ನೆನಪಿಗೆ ಪ್ರಾಟೆಸ್ಟಂಟರ ಮೆರವಣಿಗೆ, ಹಿಂದಿನ ರಾತ್ರಿ ದೊಡ್ಡ ದೊಡ್ಡ ಬೆಂಕಿ, ಅಂಗಡಿಗಳು ಬಹಳಷ್ಟು ಮುಚ್ಚಿರುತ್ತವೆ. ಬೆಲ್‌ಫಾಸ್ಟ್‌ನ ಅಲ್ಸ್ಟರ್ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಸೋಮವಾರ ರಜೆ. ಗೋಡೆಯ ನಡುವಿನ ಗೇಟುಗಳನ್ನು ರಾತ್ರಿ ಈಗಲೂ ಮುಚ್ಚುತ್ತಾರೆ, ಹಾಗಾಗಿ ಫಾಲ್ಸ್, ಶಾಂಕಿಲ್ ಎರಡನ್ನೂ ಬೆಳಕಿರುವಾಗಲೇ ನೋಡಿ ಮುಗಿಸಿ.