ಮಧ್ಯಾಹ್ನ 3 ಗಂಟೆ 36 ನಿಮಿಷ

"ಅಜ್ಜಿ, ಅಲ್ಲಿ ಮ್ಯಾಚ್ ಇರಲ್ಲ. ಗ್ರೌಂಡೂ ಇರಲ್ಲ. ಬರೀ ಗೋಡೆ," ಎಂದು ಮೊಮ್ಮಗ ಬಸ್ಸಿನಲ್ಲೇ ಎಚ್ಚರಿಸಿದ. ಆಮೇಲೆ ಬೇಜಾರಾಯಿತು ಅಂತ ನಾನು ದೂರಬಾರದಲ್ಲ! ಪಿಟ್ಸ್‌ಬರ್ಗಿಗೆ ಬಂದು ಎರಡು ತಿಂಗಳಾಗಿತ್ತು. ಮಗಳ ಮನೆ ಇರುವುದು ಸ್ಕ್ವಿರಲ್ ಹಿಲ್ಲಿನಲ್ಲಿ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಮೂರು ಸಲ ಹೋಗಿ ಪುಳಿಯೋಗರೆ ತಿಂದು ಬಂದಾಗಿತ್ತು. ನದಿಗಳು ಕೂಡುವ ಜಾಗ, ಗುಡ್ಡ ಹತ್ತುವ ರೈಲು, ಎಲ್ಲ ಮುಗಿದಿತ್ತು. ಅಳಿಯಂದಿರೇ ಹೇಳಿದರು, "ಅತ್ತೆ, ಅಕ್ಟೋಬರ್ 13ಕ್ಕೆ ಓಕ್‌ಲ್ಯಾಂಡಿಗೆ ಹೋಗಿ. ಈ ಊರಿನವರ ಜಾತ್ರೆ ಅದು."

ಹುಡುಗನಿಗೆ ಆ ದಿನ ರಜೆ. ಇಬ್ಬರೂ ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಫೋರ್ಬ್ಸ್ ಅವೆನ್ಯೂ ಬಸ್ಸು ಹತ್ತಿದೆವು. ಇಳಿದಾಗ ಎದುರಿಗೆ ವಿಶ್ವವಿದ್ಯಾಲಯದ 42 ಅಂತಸ್ತಿನ ಕಥೀಡ್ರಲ್ ಆಫ್ ಲರ್ನಿಂಗ್. ಅದರೊಳಗೆ ನಾಲಂದದ ಮಾದರಿಯಲ್ಲಿ ಕಟ್ಟಿದ ಭಾರತದ ಕೋಣೆಯೂ ಇದೆ. ನೋಡಲು ನಿಂತಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತಿತ್ತು, ಆದರೆ ಹುಡುಗ ಕೈಹಿಡಿದು ಎಳೆದ. ಒಂದು ಗಂಟೆಗೆ ಸರಿಯಾಗಿ ಅಲ್ಲಿರಬೇಕಂತೆ.

ಗೋಡೆ ನಿಜಕ್ಕೂ ಬರೀ ಗೋಡೆಯೇ. ಎರಡಾಳೆತ್ತರದ ಕೆಂಪು ಇಟ್ಟಿಗೆ, ಮೈತುಂಬ ಹಬ್ಬಿದ ಬಳ್ಳಿ, ಬಿಳಿ ಬಣ್ಣದಲ್ಲಿ ಬರೆದ 457 ಅಡಿ ಎಂಬ ಗುರುತು, ಪಕ್ಕದಲ್ಲೊಂದು ಧ್ವಜಸ್ತಂಭ. 1909ರಲ್ಲಿ ಶುರುವಾದ ಫೋರ್ಬ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಇನ್ನೂ ನಿಂತಿರುವುದು ಇಷ್ಟೇ. 1970ರಲ್ಲಿ ಮುಚ್ಚಿ, ಮುಂದಿನ ವರ್ಷ ಕೆಡವಿದರು. ಈಗ ಮೈದಾನದ ಜಾಗದಲ್ಲಿ ಕಾಲೇಜು ಕಟ್ಟಡಗಳು. ಮಿಕ್ಕ ಗೋಡೆ ಎಲ್ಲಿತ್ತು ಎಂಬುದನ್ನು ಕಾಲುದಾರಿಯಲ್ಲಿ ಇಟ್ಟಿಗೆ ಸಾಲು ಹಾಸಿ ತೋರಿಸಿದ್ದಾರೆ.

ಅದರ ಮುಂದೆ ಮಡಿಚುವ ಕುರ್ಚಿಗಳು, ಕಂಬಳಿಗಳು, ಥರ್ಮಾಸ್ ಫ್ಲಾಸ್ಕುಗಳು. ಕಪ್ಪು-ಹಳದಿ ಟೊಪ್ಪಿಗೆಯ ಮುದುಕರೇ ಹೆಚ್ಚು. ಒಂದು ಗಂಟೆಗೆ ಯಾರೋ ಗುಂಡಿ ಒತ್ತಿದರು. ಕರಕರ ಸದ್ದಿನೊಳಗಿಂದ ಹಳೆಯ ರೇಡಿಯೋ ಕಾಮೆಂಟರಿ ಎದ್ದು ಬಂತು. 1960ರ ಅಕ್ಟೋಬರ್ 13, ಗುರುವಾರ. ಅಮೆರಿಕದ ಬೇಸ್‌ಬಾಲ್ ಕಿರೀಟ ಯಾರಿಗೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೆಯ, ಕಡೆಯ ಪಂದ್ಯ. ಪಿಟ್ಸ್‌ಬರ್ಗ್ ಪೈರೇಟ್ಸ್ ಎದುರು ನ್ಯೂಯಾರ್ಕ್ ಯಾಂಕೀಸ್.

ಇದು ಶುರುವಾದದ್ದು 1985ರಲ್ಲಿ. ಒಬ್ಬ ಅಭಿಮಾನಿ ಒಬ್ಬನೇ ಬಂದು ಈ ಗೋಡೆಗೆ ಒರಗಿ ಕೂತು, ಆ ಪಂದ್ಯದ ಕಾಮೆಂಟರಿಯನ್ನು ಟೇಪಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿ ಎದ್ದು ಹೋದನಂತೆ. ಮುಂದಿನ ವರ್ಷಗಳಲ್ಲಿ ಅವನ ಜೊತೆಗೆ ಇನ್ನಷ್ಟು ಜನ ಸೇರಿಕೊಂಡರು. ಪಂದ್ಯ ನಡೆದದ್ದು ಎರಡು ಗಂಟೆ 36 ನಿಮಿಷ. ಒಂದು ಗಂಟೆಗೆ ಹಚ್ಚಿದರೆ ಕೊನೆಯ ಹೊಡೆತ ಅಂದು ಬಿದ್ದ ಹೊತ್ತಿಗೇ, 3 ಗಂಟೆ 36 ನಿಮಿಷಕ್ಕೇ, ಇಂದೂ ಬೀಳುತ್ತದೆ. ಸತ್ಯನಾರಾಯಣ ಕಥೆ ಓದಿಸುವವರೂ ಮುಹೂರ್ತ ಇಷ್ಟು ಕಟ್ಟುನಿಟ್ಟಾಗಿ ನೋಡಲಾರರು.

ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಗೊತ್ತಿದ್ದದ್ದು ಭದ್ರಾವತಿಯ ನಮ್ಮ ಮನೆಯ ಟ್ರಾನ್ಸಿಸ್ಟರ್. 1975ರ ಜನವರಿಯಲ್ಲಿ, ಚೆಪಾಕಿನಲ್ಲಿ ನಮ್ಮೂರಿನ ವಿಶ್ವನಾಥ್ ಆಂಡಿ ರಾಬರ್ಟ್ಸ್‌ನ ಬೌಲಿಂಗಿಗೆ ಎದೆಕೊಟ್ಟು ನಿಂತಿದ್ದಾಗ, ಏರಿಯಲ್ ಅಲ್ಲಾಡಿದರೆ ಸದ್ದು ಹೋಗುತ್ತದೆ ಅಂತ ಅಣ್ಣ ಅದನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಬಳಿ ನಿಲ್ಲಿಸಿದ್ದ. ಆ ಕಡೆ ಚಂದ್ರಶೇಖರ್ ಔಟಾದರು, ಈ ಕಡೆ ವಿಶಿ 97 ನಾಟೌಟ್. ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಾಗಾಗಿ ಟೇಪಿನ ಕರಕರ ಕೇಳಿದ ಕೂಡಲೇ ನನ್ನ ಬಲಗೈ ತಾನಾಗಿಯೇ ಸ್ವಲ್ಪ ಮೇಲೆದ್ದಿತು.

ಮೊಮ್ಮಗ ಪಿಸುಪಿಸು ಮಾತಿನಲ್ಲಿ ಪಾಠ ಶುರುಮಾಡಿದ. ಒಂಬತ್ತು ಇನ್ನಿಂಗ್ಸ್. ಎಸೆಯುವವನು ಪಿಚರ್. ಬೇಲಿ ದಾಟಿಸಿದರೆ ಹೋಮ್ ರನ್, ನಮ್ಮ ಸಿಕ್ಸರ್ ಥರ, ಆದರೆ ಹೊಡೆದವನು ಓಡಿಯೇ ಸುತ್ತು ಮುಗಿಸಬೇಕು. "ಬೇಲಿ ದಾಟಿದ ಮೇಲೆ ಯಾಕೋ ಓಡಬೇಕು?" ಎಂದೆ. ಮುಂದಿನ ಸಾಲಿನ ಅಜ್ಜ ತಿರುಗಿ ನೋಡಿ ನಕ್ಕು, ಸಿಪ್ಪೆ ಸಮೇತ ಹುರಿದ ಕಡಲೆಕಾಯಿಯ ಪೊಟ್ಟಣ ಮುಂದೆ ಹಿಡಿದ. ಬೇಸ್‌ಬಾಲ್ ನೋಡುವವರು ಕಡಲೆಕಾಯಿ ಸುಲಿಯುತ್ತಲೇ ನೋಡುವುದಂತೆ. ಬಸವನಗುಡಿಯ ಪರಿಷೆ ನೋಡಿದವಳಿಗೆ ಆಟ ಅರ್ಥವಾಗದಿದ್ದರೂ ಈ ಕಲೆ ಬಂತು. ನಾನು ಚಿತ್ರಾನ್ನ ಕೊಟ್ಟೆ. ಅವನು ಅದರೊಳಗೂ ಕಡಲೆಕಾಯಿ ಕಂಡು ಖುಷಿಪಟ್ಟ.

ಪರಿಚಯವಾದ ಮೇಲೆ ಕಥೆಗಳು ಬಿಚ್ಚಿಕೊಂಡವು. ಆಗ ಅವನಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಗಣಿತದ ಪಾಠ, ಸನ್ಯಾಸಿನಿ ಟೀಚರು ಮೇಜಿನ ಮೇಲೆ ರೇಡಿಯೋ ಇಟ್ಟು ಪುಸ್ತಕ ಮುಚ್ಚಿದರಂತೆ. ಪಕ್ಕದ ಹೆಂಗಸಿನ ತಂದೆ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ನಿದ್ದೆಗೆಟ್ಟು ಕೇಳಿದರಂತೆ. ಇನ್ನೊಬ್ಬ, ತಾನು ಮೈದಾನದೊಳಗೇ ಇದ್ದೆ ಎಂದ. ಅವನು ಎದ್ದು ಆಚೆ ಹೋದಮೇಲೆ ಕಡಲೆಕಾಯಿ ಅಜ್ಜ ನನ್ನ ಕಿವಿಯ ಹತ್ತಿರ ಬಂದು, "ಅಂದು ಒಳಗಿದ್ದವರು 36,683 ಮಂದಿ. ಇದ್ದೆ ಅಂತ ನನಗೇ ಹೇಳಿದವರು ಅದಕ್ಕಿಂತ ಹೆಚ್ಚು," ಎಂದ. ನಮ್ಮಣ್ಣನೂ ಇತ್ತೀಚೆಗೆ ಆ 97 ರನ್ನನ್ನು ಚೆಪಾಕಿನಲ್ಲಿ ಕೂತು ನೋಡಿದೆ ಎಂದೇ ಹೇಳುತ್ತಾನೆ. ಏರಿಯಲ್ ಹಿಡಿದಿದ್ದವಳು ನಾನು. ಸುಮ್ಮನಿರುತ್ತೇನೆ.

ಎಂಟನೆಯ ಇನ್ನಿಂಗ್ಸ್ ಹೊತ್ತಿಗೆ ಮಾತು ನಿಂತಿತು. ಪೈರೇಟ್ಸ್ ಹಿಂದಿದ್ದಾರೆ, 7-4. ನೆಲದಲ್ಲಿ ಉರುಳಿ ಬಂದ ಚೆಂಡು ಕಲ್ಲಿಗೋ ಏನಕ್ಕೋ ತಾಗಿ ಪುಟಿದು, ಯಾಂಕೀಸ್‌ನ ಟೋನಿ ಕುಬೆಕ್‌ನ ಗಂಟಲಿಗೆ ಬಡಿಯಿತು. ನನ್ನ ಮುಂದಿದ್ದ ಅಜ್ಜ ತನ್ನ ಗಂಟಲು ಮುಟ್ಟಿಕೊಂಡ. ಸುತ್ತ ನೋಡಿದೆ, ಇನ್ನೂ ಇಬ್ಬರು ಮೂವರ ಕೈ ಗಂಟಲ ಮೇಲೆ. ಆಮೇಲೆ ಪೈರೇಟ್ಸ್‌ನ ರಾಬರ್ಟೊ ಕ್ಲೆಮೆಂಟೆ ಮೆತ್ತಗೆ ತಾಗಿಸಿ ಜೀವದ ಹಂಗು ತೊರೆದವನಂತೆ ಓಡಿದ್ದು, ಹಾಲ್ ಸ್ಮಿತ್‌ನ ಹೊಡೆತಕ್ಕೆ ಮೂರು ರನ್ ಬಂದು 9-7 ಆಗಿದ್ದು, ಒಂಬತ್ತರಲ್ಲಿ ಯಾಂಕೀಸ್ ಸಮ ಮಾಡಿಕೊಂಡಿದ್ದು. ಫಲಿತಾಂಶ ಗೊತ್ತಿದ್ದೂ ಜನ ಉಗುರು ಕಚ್ಚುತ್ತಿದ್ದರು. ಯಕ್ಷಗಾನದಲ್ಲಿ ಅಭಿಮನ್ಯು ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನವರೆಗೆ ಕೂರುವುದಿಲ್ಲವೇ?

ಪೈರೇಟ್ಸ್‌ನ ಬಿಲ್ ಮಝೆರೊಸ್ಕಿ ಬ್ಯಾಟ್ ಹಿಡಿದು ಬಂದ. ಎಲ್ಲರಿಗೂ ಅವನು 'ಮ್ಯಾಜ್'. ಎರಡನೆಯ ಎಸೆತ. ಚೆಂಡು ಎಡಗಡೆ, ಯಾಂಕೀಸ್‌ನ ಯೋಗಿ ಬೆರ್ರಾ ತಲೆಯ ಮೇಲೆ, 406 ಅಡಿ ಗುರುತಿನ ಗೋಡೆಯ ಆಚೆ. ಇಡೀ ಗುಂಪು ಎದ್ದು ನಿಂತು ಕೂಗಿತು. ಮೊಮ್ಮಗ ಕುಣಿದ. ಕೈಗಡಿಯಾರ ನೋಡಿದೆ, 3:36.

ನಿಜವಾದ ಪ್ರಸಾದ ಹಂಚಿದ್ದು ಅದಾದ ಮೇಲೆ. ವಿವರಣೆಕಾರ ಚಕ್ ಥಾಂಪ್ಸನ್ ಆವೇಶದಲ್ಲಿ ಎರಡು ತಪ್ಪು ಮಾಡಿದ್ದರು. ಎಸೆದವನು ರಾಲ್ಫ್ ಟೆರ್ರಿ, ಇವರು ಆರ್ಟ್ ಡಿಟ್ಮಾರ್ ಎಂದುಬಿಟ್ಟರು. ಪೈರೇಟ್ಸ್ ಗೆದ್ದದ್ದು 10-9, ಇವರು 10-0 ಎಂದರು. ಆ ಸಾಲು ಬರುವ ಮೊದಲೇ ಗುಂಪಿಗೆ ಗುಂಪೇ ಒಕ್ಕೊರಲಿನಿಂದ "ಹತ್ತು-ಸೊನ್ನೆ!" ಎಂದು ಕೂಗಿ ಬಿದ್ದು ಬಿದ್ದು ನಕ್ಕಿತು. ಆ ಸರಣಿಯಲ್ಲಿ ಒಟ್ಟು ರನ್ ಲೆಕ್ಕ ಹಾಕಿದರೆ ಯಾಂಕೀಸ್ 55, ಪೈರೇಟ್ಸ್ ಬರೀ 27. ಸೋಲಬೇಕಾಗಿದ್ದವರು ಗೆದ್ದರು. ಅಂಥ ಗೆಲುವಿನ ಅಂಕಿ ಬಾಯ್ತಪ್ಪಿ ಬಂದದ್ದು ಅವರಿಗೆ ಸರಿ ಅಂಕಿಗಿಂತ ಪ್ರಿಯ.

ಟಿವಿಯಲ್ಲಿ ಪ್ರಸಾರವಾದ ಪಂದ್ಯದ ಪೂರ್ತಿ ಚಿತ್ರ ಸುಮಾರು ಐವತ್ತು ವರ್ಷ ಯಾರ ಬಳಿಯೂ ಇಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಗಾಯಕ ಬಿಂಗ್ ಕ್ರಾಸ್ಬಿ ಪೈರೇಟ್ಸ್ ತಂಡದ ಪಾಲುದಾರರಲ್ಲೊಬ್ಬ. ನೋಡಿದರೆ ತಂಡಕ್ಕೆ ಅಪಶಕುನವಾದೀತೆಂದು ಪ್ಯಾರಿಸ್ಸಿಗೆ ಹೋಗಿ ಕೂತವನು, ಯಾವುದಕ್ಕೂ ಇರಲಿ ಎಂದು ಪಂದ್ಯವನ್ನು ಫಿಲ್ಮಿಗೆ ಇಳಿಸಿಡಲು ಹೇಳಿದ್ದ. ಆ ರೀಲು 2009ರಲ್ಲಿ ಅವನ ಮನೆಯ ವೈನ್ ನೆಲಮಾಳಿಗೆಯಲ್ಲಿ ಸಿಕ್ಕಿತು. ಈಗ ಯಾರು ಬೇಕಾದರೂ ನೋಡಬಹುದು. ಆದರೂ ಗೋಡೆಯ ಮುಂದೆ ಹಚ್ಚುವುದು ರೇಡಿಯೋವನ್ನೇ. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜ, "ಟಿವಿಯಲ್ಲಿ ಮ್ಯಾಜ್ ಇಷ್ಟು ಚಿಕ್ಕದಾಗಿ ಕಾಣ್ತಾನೆ," ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಒಂದಿಂಚು ಜಾಗ ಮಾಡಿ ತೋರಿಸಿದ.

ಹೊರಡುವ ಮೊದಲು ಪೋಸ್ವಾರ್ ಹಾಲ್ ಎಂಬ ಕಟ್ಟಡದೊಳಗೆ ಹೋದೆವು. ನೆಲದಲ್ಲಿ ಗಾಜು, ಗಾಜಿನ ಕೆಳಗೆ ಹಳೆಯ ಹೋಮ್ ಪ್ಲೇಟ್, ಅಂದರೆ ಬ್ಯಾಟ್ ಮಾಡುವವನು ಪಕ್ಕದಲ್ಲಿ ನಿಲ್ಲುವ ಗುರುತಿನ ಹಲಗೆ. ನಿಜವಾದ ಜಾಗ ಇದಲ್ಲ, ಸ್ವಲ್ಪ ಆಚೆ ಎಂದು ವಾದಿಸುವವರಿದ್ದಾರೆ. ವಿದ್ಯಾರ್ಥಿಗಳು ಫೋನ್ ನೋಡುತ್ತಾ ಅದರ ಮೇಲೇ ನಡೆದು ಹೋಗುತ್ತಿದ್ದರು. ಮೊಮ್ಮಗ ಸುತ್ತು ಬಳಸಿ ಹೋದ, ಪುಸ್ತಕ ತುಳಿಯಬಾರದು ಎಂದು ನಾನು ಕಲಿಸಿದ್ದಕ್ಕೋ ಏನೋ.

ಮರುವಾರ ಅವನಿಗೆ ಕ್ಲೆಮೆಂಟೆಯನ್ನು ತೋರಿಸುವ ಹುಮ್ಮಸ್ಸು. ಕ್ಲೆಮೆಂಟೆ ಪೋರ್ಟೊ ರಿಕೋದ ಕಪ್ಪು ಹುಡುಗ. ಪತ್ರಿಕೆಗಳು ಅವನ ಇಂಗ್ಲಿಷನ್ನು ಉಚ್ಚಾರದಂತೆಯೇ ಅಚ್ಚುಹಾಕಿ ಗೇಲಿ ಮಾಡುತ್ತಿದ್ದವು. ಆಟಗಾರರ ಚಿತ್ರದ ಕಾರ್ಡುಗಳಲ್ಲಿ ಅವನು ಬೇಡವೆಂದರೂ 'ಬಾಬ್' ಎಂದು ಛಾಪಿಸುತ್ತಿದ್ದರು. (ನನ್ನ ಮಗಳ ಹೆಸರನ್ನೂ ಆಫೀಸಿನಲ್ಲಿ ಎರಡಕ್ಷರಕ್ಕೆ ಕತ್ತರಿಸಿದ್ದಾರೆ. ಅವಳು ಒಗ್ಗಿಕೊಂಡಿದ್ದಾಳೆ, ನಾನಿಲ್ಲ.) ಈಗ ಅವನ ಪೂರ್ತಿ ಹೆಸರಿನಲ್ಲಿ ಅಲೆಗೇನಿ ನದಿಯ ಮೇಲೊಂದು ಹಳದಿ ಸೇತುವೆ ಇದೆ. ಪಂದ್ಯದ ದಿನ ಅದರ ಮೇಲೆ ವಾಹನ ಬಿಡುವುದಿಲ್ಲ, ಜನ ನಡೆದೇ ಪೈರೇಟ್ಸ್‌ನ ಈಗಿನ ಮೈದಾನಕ್ಕೆ ಹೋಗುತ್ತಾರೆ. ಸೇತುವೆಯ ಕೊನೆಗೆ ಅವನ ಪ್ರತಿಮೆ. ಮೈದಾನದ ಬಲಗಡೆ ಗೋಡೆಯ ಎತ್ತರ ಸರಿಯಾಗಿ 21 ಅಡಿ, ಅವನ ಅಂಗಿಯ ಸಂಖ್ಯೆ.

ಪ್ರತಿಮೆಯ ಹತ್ತಿರ ಊರುಗೋಲಿನವರೊಬ್ಬರು ಸಿಕ್ಕರು. ಮೊಮ್ಮಗ ಫೀಲ್ಡಿಂಗಿಗೆ 12 ಗೋಲ್ಡ್ ಗ್ಲವ್ ಪ್ರಶಸ್ತಿ, ನಾಲ್ಕು ಬ್ಯಾಟಿಂಗ್ ಕಿರೀಟ ಎಂದು ಮಗ್ಗಿ ಹೇಳುವವನಂತೆ ಒದರಿದ. ಅವರು ಕೇಳಿಸಿಕೊಂಡು, "ಅದೆಲ್ಲ ಸರಿ ಮಗು, ಕುತ್ತಿಗೆ ಗೊತ್ತಾ?" ಎಂದರು. ಊರುಗೋಲನ್ನು ನನ್ನ ಕೈಗೆ ಕೊಟ್ಟರು. ಕಾಲು ಅಗಲಿಸಿ ನಿಂತರು. ತಲೆಯನ್ನು ನಿಧಾನಕ್ಕೆ ಎಡಕ್ಕೆ ವಾಲಿಸಿ, ಹಿಂದಕ್ಕೆ ತಿರುಗಿಸಿ, ಬಲಕ್ಕೆ ತಂದು, ಭುಜ ಕೊಡವಿ, ಇಲ್ಲದ ಬ್ಯಾಟನ್ನು ಎತ್ತಿ ಹಿಡಿದರು. ಬ್ಯಾಟ್ ಮಾಡುವ ಮುಂಚೆ ಕ್ಲೆಮೆಂಟೆ ಪ್ರತಿ ಸಲ ಹೀಗೆ ಮಾಡುತ್ತಿದ್ದನಂತೆ. ನಾನು ಅವನ ಚಿತ್ರವನ್ನು ಆಮೇಲೆ ಎಷ್ಟು ನೋಡಿದರೂ ನೆನಪಾಗುವುದು ಆ ಮುದುಕರ ಸುಕ್ಕುಗಟ್ಟಿದ ಕುತ್ತಿಗೆಯೇ.

1972ರ ಸೆಪ್ಟೆಂಬರ್ 30ರಂದು ಕ್ಲೆಮೆಂಟೆ 3000ನೆಯ ಹಿಟ್ (ಚೆಂಡು ಹೊಡೆದು ಔಟಾಗದೆ ಮೊದಲ ನೆಲೆ ಮುಟ್ಟುವುದು) ಹೊಡೆದಾಗ ಇವರಿಗೆ ಹೋಗುವ ಅವಕಾಶವಿತ್ತು. ಸ್ಟೇಡಿಯಮ್ಮಿನ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿಯಿದ್ದ ದಿನ ಅದು. ತಂದೆ, "ಶನಿವಾರ ಮನೆಗೆ ಬಣ್ಣ ಬಳಿಯೋಣ. ಮುಂದಿನ ವರ್ಷವೂ ಆಡ್ತಾನಲ್ಲ," ಎಂದರಂತೆ. ಡಿಸೆಂಬರಿನಲ್ಲಿ ನಿಕರಾಗುವಾದ ಮನಾಗುವಾ ನಗರ ಭೂಕಂಪಕ್ಕೆ ನೆಲಕಚ್ಚಿತು. ಕಳಿಸಿದ ನೆರವು ಸಂತ್ರಸ್ತರಿಗೆ ಮುಟ್ಟದೆ ಸೈನಿಕರ ಪಾಲಾಗುತ್ತಿದೆ ಎಂದು ಕೇಳಿ ಕ್ಲೆಮೆಂಟೆ ತಾನೇ ಹೊರಟ. ಮಿತಿಮೀರಿ ಸರಕು ತುಂಬಿದ್ದ ಹಳೆಯ ವಿಮಾನ 31ರ ರಾತ್ರಿ ಪೋರ್ಟೊ ರಿಕೋದ ಸಾನ್ ಹ್ವಾನ್ ಬಳಿ ಕಡಲಿಗೆ ಬಿತ್ತು. ಅವನಿಗೆ 38 ವರ್ಷ. ದೇಹ ಸಿಗಲಿಲ್ಲ. ಜೊತೆಯ ಆಟಗಾರ ಮ್ಯಾನಿ ಸಾಂಗಿಯೆನ್ ಶ್ರದ್ಧಾಂಜಲಿ ಸಭೆಗೂ ಹೋಗದೆ ಕಡಲಿಗಿಳಿದು ಹುಡುಕಿದ. ಲೀಗ್ ಪಂದ್ಯಗಳಲ್ಲಿ ಆ 3000ನೆಯದೇ ಕೊನೆಯ ಹಿಟ್. "ಆ ಬಣ್ಣ ಇನ್ನೂ ಇದೆ," ಎಂದರು ಊರುಗೋಲಿನವರು. ಅದರ ಮೇಲೆ ಬೇರೆ ಬಣ್ಣ ಬಳಿಯಲು ಅವರಿಗೆ ಮನಸ್ಸಾಗಿಲ್ಲವಂತೆ.

ಲಾರೆನ್ಸ್‌ವಿಲ್ಲಿನ ಕ್ಲೆಮೆಂಟೆ ಮ್ಯೂಸಿಯಂ ಒಂದು ಹಳೆಯ ಅಗ್ನಿಶಾಮಕ ಠಾಣೆ. ಛಾಯಾಗ್ರಾಹಕ ಡ್ವೇನ್ ರೀಡರ್ ಸ್ವಂತ ಹುಚ್ಚಿನಿಂದ ಕಟ್ಟಿದ್ದು. ಅಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ. 1971ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಕೂಡಲೇ ಕ್ಲೆಮೆಂಟೆ ಟಿವಿಯ ಮುಂದೆ ಇಂಗ್ಲಿಷ್ ಬಿಟ್ಟು ಸ್ಪ್ಯಾನಿಷಿನಲ್ಲಿ, ನನಗೆ ಆಶೀರ್ವಾದ ಮಾಡಿ ಎಂದು ಅಪ್ಪ ಅಮ್ಮನನ್ನು ಬೇಡಿದ. ಗೇಲಿ ಮಾಡಿದ ದೇಶವೆಲ್ಲ ಅರ್ಥವಾಗದೆ ನೋಡುತ್ತಿರಲಿ ಎಂದು!

ಅದೇ ಬಡಾವಣೆಯಲ್ಲಿ ಅಲೆಗೇನಿ ಸ್ಮಶಾನ. ಹೋಗಬೇಕೆಂದು ಪಟ್ಟು ಹಿಡಿದವಳು ನಾನು. ಜಾಶ್ ಗಿಬ್ಸನ್ ಅಲ್ಲಿದ್ದಾನೆ. ದೊಡ್ಡ ಲೀಗುಗಳಲ್ಲಿ ಕಪ್ಪು ಜನಕ್ಕೆ ಪ್ರವೇಶವಿಲ್ಲದ ಕಾಲದ ಆಟಗಾರ. ಅವನ ತಂಡ ಹೋಮ್‌ಸ್ಟೆಡ್ ಗ್ರೇಸ್ ಅದೇ ಫೋರ್ಬ್ಸ್ ಫೀಲ್ಡನ್ನು ಬಾಡಿಗೆಗೆ ಹಿಡಿದು ಆಡುತ್ತಿತ್ತು. 1947ರ ಜನವರಿಯಲ್ಲಿ, 35ನೆಯ ವಯಸ್ಸಿಗೆ ತೀರಿಕೊಂಡ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಆ ದೊಡ್ಡ ಲೀಗಿನ ಬಾಗಿಲು ಮುರಿದು ಒಳಗೆ ಕಾಲಿಟ್ಟದ್ದು ಅದೇ ಏಪ್ರಿಲಿನಲ್ಲಿ. ಮೂರೇ ತಿಂಗಳು. 2024ರಲ್ಲಿ ಕಪ್ಪು ಲೀಗುಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದಾಗ, ಬ್ಯಾಟಿಂಗ್ ಸರಾಸರಿಯಲ್ಲಿ .372ರೊಂದಿಗೆ ಅದುವರೆಗೆ ಮೊದಲಿಗನಾಗಿದ್ದ ಟೈ ಕಾಬ್‌ನನ್ನೂ ದಾಟಿ ಇವನೇ ಮೊದಲಿಗನಾದ. ಇವನ ಆಟ ನೆನೆಯಲು ಹಚ್ಚುವ ಟೇಪು ನಾನಂತೂ ಯಾರ ಬಾಯಲ್ಲೂ ಕೇಳಲಿಲ್ಲ. ಹಳೆಯ ಆಟಗಾರ ಬಕ್ ಓ'ನೀಲ್ ಹೇಳುತ್ತಿದ್ದದ್ದು ಬ್ಯಾಟಿನ ಸದ್ದನ್ನು. ಆ ಒಂದು ಸದ್ದನ್ನು ಇಡೀ ಜನ್ಮದಲ್ಲಿ ಮೂವರ ಬ್ಯಾಟಿನಿಂದ ಮಾತ್ರ ಕೇಳಿದ್ದರಂತೆ: ಬೇಬ್ ರೂತ್, ಗಿಬ್ಸನ್, ಬೋ ಜಾಕ್ಸನ್.

ಸಮಾಧಿ ಸಿಗಲು ಮುಕ್ಕಾಲು ಗಂಟೆ ಬೇಕಾಯಿತು. ಎಲೆ ಗುಡಿಸುತ್ತಿದ್ದ ಕೆಲಸದವನು ಪೊರಕೆಯಿಂದಲೇ ದಾರಿ ತೋರಿಸಿದ. ನೆಲಮಟ್ಟದ ಸಣ್ಣ ಕಲ್ಲು. 1975ರವರೆಗೆ ಅದೂ ಇರಲಿಲ್ಲ. ಹೆಸರು, 1911, 1947, ಕೆಳಗೆ 'ಲೆಜೆಂಡರಿ ಬೇಸ್‌ಬಾಲ್ ಪ್ಲೇಯರ್' ಎಂಬ ಮೂರೇ ಪದ. ಕಲ್ಲಿನ ಮೇಲೆ ಯಾರೋ ಬಿಟ್ಟುಹೋದ ನಾಲ್ಕು ಚೆಂಡುಗಳು. ಒಂದರ ಹೊಲಿಗೆ ಬಿಟ್ಟು ಒಳಗಿನ ನೂಲು ಇಣುಕುತ್ತಿತ್ತು. ಮೊಮ್ಮಗ ಇನ್ನೊಂದನ್ನು ಎತ್ತಿ ತಿರುಗಿಸಿದ. ಯಾರೋ ಏನನ್ನೋ ಬರೆದಿದ್ದರು. ಮಳೆಗೆ ಶಾಯಿ ಕದಡಿ ನೀಲಿ ಕಲೆಯಷ್ಟೇ ಉಳಿದಿತ್ತು.

"ಏನು ಬರೆದಿದಾರೆ ಅಜ್ಜಿ?"

ಕನ್ನಡಕ ಏರಿಸಿಕೊಂಡು ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ. ಅವನು ಚೆಂಡನ್ನು ಅಂಗಿಯ ತುದಿಗೆ ಒರೆಸಿ, ಕಲೆ ಮೇಲೆ ಬರುವಂತೆ, ಇದ್ದಲ್ಲೇ ಇಟ್ಟ.