ಮೈಕ್ರೊಮೀಟರ್ ಸರಿ ಎಂದಿತು, ರಿಂಗ್ ಗೇಜ್ ಒಪ್ಪಲಿಲ್ಲ

4 ಮಿಲಿಮೀಟರ್ ವ್ಯಾಸ, 18 ಮಿಲಿಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಪಿನ್. ಮೆಟ್ಟಿಲಿಲ್ಲ, ಥ್ರೆಡ್ ಇಲ್ಲ, ಎರಡೂ ತುದಿಯಲ್ಲಿ ಸಣ್ಣ ಚ್ಯಾಂಫರ್ (ಓರೆಯಾಗಿ ಕಡೆದ ಅಂಚು) ಅಷ್ಟೇ. ಸ್ಲೈಡಿಂಗ್ ಹೆಡ್ ಲೇತ್ ಎಂಬ ಕಡೆಯುವ ಯಂತ್ರದ ಮೇಲೆ ನಾನು ಒಬ್ಬನೇ ನಿಂತು ಕೆಲಸ ಮಾಡಲು ಶುರುಮಾಡಿ ಎರಡನೆಯ ವರ್ಷ ನಡೆಯುತ್ತಿತ್ತು. ಇಷ್ಟು ಸರಳವಾದ ಕೆಲಸ ಕೊಟ್ಟಿದ್ದಾರಲ್ಲ ಎಂದು ನಿರಾಳವಾಗಿದ್ದೆ. ಅದೇ ಪಿನ್ನು ನನಗೆ ಈ ಕಸುಬಿನ ಬಹಳ ದೊಡ್ಡ ಪಾಠ ಕಲಿಸಿತು. ನಮ್ಮ ಕೆಲಸಕ್ಕೆ ಹೊಸದಾಗಿ ಬರುವವರು ಅದನ್ನು ನನ್ನ ಹಾಗೆ ಲಾಟುಗಟ್ಟಲೆ ಮಾಲು ಕೆಡಿಸಿ ಕಲಿಯಬೇಕಾಗಿಲ್ಲ ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಡ್ರಾಯಿಂಗ್‌ನಲ್ಲಿ ವ್ಯಾಸಕ್ಕೆ ಎಚ್6 ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಲು ಬಿಟ್ಟ ಮಿತಿ) ಇತ್ತು. ಈ ಗಾತ್ರಕ್ಕೆ ಅದರ ಅರ್ಥ 3.992ರಿಂದ 4.000 ಮಿಲಿಮೀಟರ್, ಅಂದರೆ ಒಟ್ಟು 8 ಮೈಕ್ರಾನ್ ಜಾಗ. ನಾನು ನಡುವಿನ 3.996ಕ್ಕೆ ಸೆಟ್ ಮಾಡಿದ್ದೆ. ಹತ್ತು ಪಿನ್ನಿಗೆ ಒಂದನ್ನು ತೆಗೆದು ಒರೆಸಿ, ಮೈಕ್ರೊಮೀಟರ್‌ನಲ್ಲಿ ಎರಡೂ ತುದಿ ಮತ್ತು ನಡು ಹಿಡಿದು ನೋಡುತ್ತಿದ್ದೆ. 3.996, 3.996, ಅಪರೂಪಕ್ಕೆ 3.997. ಚಾರ್ಟ್‌ನಲ್ಲಿ ಚುಕ್ಕೆಗಳು ಒಂದೇ ಗೆರೆಯಲ್ಲಿ ಕುಳಿತಿದ್ದವು.

ಒಂದು ವಾರದ ನಂತರ ಗ್ರಾಹಕರಿಂದ ದೂರು ಬಂತು: ಪಿನ್ನುಗಳು ಬಿಗಿ, ಜೋಡಣೆಯಲ್ಲಿ ಸಿಕ್ಕಿಕೊಳ್ಳುತ್ತಿವೆ. ವಾಪಸು ಬಂದ ಡಬ್ಬದಿಂದ ಮೂವತ್ತು ಪಿನ್ ತೆಗೆದು ಅಳೆದೆ. ಎಲ್ಲವೂ 3.996ರ ಆಸುಪಾಸು. ನಮ್ಮ ಮಾಲು ಸರಿಯಾಗಿದೆ, ನಿಮ್ಮ ರಂಧ್ರಗಳನ್ನು ನೋಡಿಕೊಳ್ಳಿ ಎಂದು ಬರೆದು ಕಳಿಸಿದೆ. ಮೈಕ್ರೊಮೀಟರ್ ನನ್ನ ಕೈಯಲ್ಲಿತ್ತು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದು ಆಗ ನನಗೆ ತೋಚಲಿಲ್ಲ.

ದೂರು ಮತ್ತೆ ಬಂತು. ಈ ಸಲ ಅನುಮಾನ ಶಾಖದ ಮೇಲೆ ಹೋಯಿತು. ಯಂತ್ರದಿಂದ ಹೊರಬಂದ ಪಿನ್ ಬೆಚ್ಚಗಿರುತ್ತದೆ, ಅಳತೆಯ ಅಧಿಕೃತ ತಾಪಮಾನ 20 ಡಿಗ್ರಿ. ಲೆಕ್ಕ ಹಾಕಿದೆ. ಈ ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. 4 ಮಿಲಿಮೀಟರ್ ವ್ಯಾಸಕ್ಕೆ 10 ಡಿಗ್ರಿ ಹೆಚ್ಚಾದರೂ ಒಂದು ಮೈಕ್ರಾನ್ ತುಂಬುವುದಿಲ್ಲ. ಅಲ್ಲದೆ, ಬಿಸಿ ಪಿನ್ ಅಳೆದರೆ ತಣಿದ ಮೇಲೆ ಅದು ಸಣ್ಣದಾಗಬೇಕು, ಬಿಗಿಯಾಗುವುದು ಹೇಗೆ? ದಾರಿ ಅಲ್ಲಿಗೆ ಮುಚ್ಚಿತು.

ಆಮೇಲೆ ನಾನು ಮಾಡಿದ್ದೇ ನಿಜವಾದ ತಪ್ಪು. ಕಾರಣ ತಿಳಿಯದೆ ಆಫ್‌ಸೆಟ್‌ಗೆ, ಅಂದರೆ ಟೂಲ್ ಎಷ್ಟು ಒಳಗೆ ಕಡೆಯಬೇಕೆಂದು ಯಂತ್ರಕ್ಕೆ ಕೊಡುವ ತಿದ್ದುಪಡಿಗೆ, ಕೈ ಹಾಕಿದೆ. ಬಿಗಿ ಎನ್ನುತ್ತಾರಲ್ಲ, 3 ಮೈಕ್ರಾನ್ ಇಳಿಸಿಬಿಡೋಣ ಎಂದು 3.993ಕ್ಕೆ ತಂದೆ. ಬಿಗಿತದ ದೂರು ನಿಂತಿತು. ಆದರೆ ಕೆಳಗಿನ ಮಿತಿಗೆ ಉಳಿದದ್ದು ಒಂದೇ ಮೈಕ್ರಾನ್. ಊಟದ ವಿರಾಮಕ್ಕೆ ಯಂತ್ರ ನಿಲ್ಲಿಸಿ ಮತ್ತೆ ಶುರುಮಾಡಿದಾಗ, ಅದು ಹದಕ್ಕೆ ಬರುವವರೆಗೆ ಪಿನ್ನುಗಳು 3.991, 3.990ಕ್ಕೆ ಇಳಿದವು. ಸ್ವಲ್ಪ ಮೇಲೇರಿಸಿದೆ. ಸಂಜೆಯ ಹೊತ್ತಿಗೆ ಟೂಲಿನ ಮೊನೆ ಸವೆದು ವ್ಯಾಸ ಏರಿತು, ಮತ್ತೆ ಬಿಗಿ. ಇಳಿಸಿದೆ. ಎರಡು ದಿನ ಹೀಗೆ ಏರಿಸುತ್ತ ಇಳಿಸುತ್ತ ಕಳೆದೆ. ಪಿನ್ ಕಡೆಯುವ ಕಚ್ಚಾ ಸಲಾಕೆಗೆ ಬಾರ್ ಎನ್ನುತ್ತೇವೆ. ನಮ್ಮ 3 ಮೀಟರ್ ಬಾರಿನಲ್ಲಿ, ಕೊನೆಯ ತುಂಡು ಕಳೆದರೆ, ಸುಮಾರು 140 ಪಿನ್ ಬರುತ್ತವೆ. ಪ್ರತಿ ಬಾರಿನಲ್ಲೂ ಬೇರೆ ಬೇರೆ ಲೆಕ್ಕಕ್ಕೆ ಕೆಟ್ಟವು ಸಿಗುತ್ತಿದ್ದವು.

ಮೂರನೆಯ ದಿನ ಯಂತ್ರಗಳನ್ನು ಹೊಂದಿಸಿ ಕೊಡುವ ನಮ್ಮ ಹಿರಿಯ ಸೆಟ್ಟರ್ ಪಕ್ಕಕ್ಕೆ ಬಂದು ನಿಂತರು. ಸ್ಕ್ರೀನಿನ ಕಡೆ ನೋಡಲೇ ಇಲ್ಲ.

“ಬಾರ್ ಅಳೆದೆಯಾ?” ಎಂದರು.

“ಅಳೆದೆ ಸರ್, 4.993. ಮೂರು ಕಡೆ ನೋಡಿದ್ದೇನೆ.”

“ತಿರುಗಿಸಿ ನೋಡಿದೆಯಾ?”

“ತಿರುಗಿಸಿದರೂ ಅಷ್ಟೇ ಬರುತ್ತದೆ ಸರ್.”

ಬಾರ್ ಸರಿಯಾಗಿಯೇ ಇತ್ತು ಎನ್ನಬೇಕು. 5 ಮಿಲಿಮೀಟರ್ ಗ್ರೈಂಡ್ ಮಾಡಿದ ಬಾರ್, ಎಚ್7, 4.988ರಿಂದ 5.000ರ ಒಳಗೆ ಇರಬೇಕು, ಇತ್ತು. ಅವರು ಏನೂ ಹೇಳದೆ ತಪಾಸಣೆ ಕೋಣೆಯಿಂದ 60 ಡಿಗ್ರಿಯ ವಿ ಬ್ಲಾಕ್ (ವಿ ಆಕಾರದ ತೋಡು ಇರುವ ಆಸರೆ) ಮತ್ತು ಮೈಕ್ರಾನ್ ಡಯಲ್ ತಂದರು. ನನ್ನ ಪಿನ್ನೊಂದನ್ನು ವಿ ಒಳಗೆ ಮಲಗಿಸಿ, ಡಯಲಿನ ತುದಿಯನ್ನು ಮೇಲಿನಿಂದ ಮುಟ್ಟಿಸಿ, ಬೆರಳ ತುದಿಯಿಂದ ನಿಧಾನವಾಗಿ ಉರುಳಿಸತೊಡಗಿದರು. ಮುಳ್ಳು ಏರಿತು, ಇಳಿಯಿತು. ಏರಿತು, ಇಳಿಯಿತು. ಏರಿತು, ಇಳಿಯಿತು. ಆ ಹೊತ್ತಿಗೆ ಪಿನ್ ಒಂದು ಪೂರ್ತಿ ಸುತ್ತು ತಿರುಗಿತ್ತು. ಪ್ರತಿ ಸಲವೂ 15 ಮೈಕ್ರಾನಿನ ಓಲಾಟ. ಅದೇ ಪಿನ್ನನ್ನು ನನ್ನ ಕೈಗೆ ಕೊಟ್ಟು “ಈಗ ಅಳೆ” ಎಂದರು. ಎಲ್ಲಿ ಹಿಡಿದರೂ 3.996.

ಪಿನ್ ದುಂಡಗಿರಲಿಲ್ಲ. ಮೂರು ಉಬ್ಬಿನ ಆಕಾರ. ಸಮಬಾಹು ತ್ರಿಕೋನದ ಒಂದೊಂದು ಮೂಲೆಯಿಂದ ಎದುರಿನ ಬಾಹುವಿಗೆ ಕೈವಾರ ಎಳೆದರೆ ಸಿಗುವ ಉಬ್ಬಿದ ತ್ರಿಕೋನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದನ್ನು ಎರಡು ಸಮಾನಾಂತರ ಹಲಗೆಗಳ ನಡುವೆ ಹೇಗೆ ಉರುಳಿಸಿದರೂ ಹಲಗೆಗಳ ಅಂತರ ಬದಲಾಗುವುದಿಲ್ಲ. ಉಬ್ಬಿನ ನೇರ ಎದುರಿಗೆ ಯಾವಾಗಲೂ ಒಂದು ತಗ್ಗು ಇರುತ್ತದೆ, ಒಂದರ ಹೆಚ್ಚಳವನ್ನು ಇನ್ನೊಂದರ ಕೊರತೆ ನುಂಗುತ್ತದೆ. ಮೈಕ್ರೊಮೀಟರಿನ ಎರಡು ದವಡೆಗಳೆಂದರೆ ಅವೇ ಎರಡು ಹಲಗೆಗಳು. ಅದು ಸುಳ್ಳು ಹೇಳಿರಲಿಲ್ಲ. ಎರಡು ಬಿಂದುಗಳ ನಡುವಿನ ದೂರ ಕೇಳಿದ್ದೆ, ಅಷ್ಟನ್ನೇ ಹೇಳಿತ್ತು.

ರಂಧ್ರ ಕೇಳುವುದು ಬೇರೆ. ಮೂರೂ ಉಬ್ಬುಗಳು ಒಟ್ಟಿಗೆ ಒಳಗೆ ಹೋಗಬೇಕು. 60 ಡಿಗ್ರಿ ವಿ ಬ್ಲಾಕಿನಲ್ಲಿ ಪಿನ್ನಿನ ಎರಡು ಆಸರೆಗಳೂ ಡಯಲಿನ ತುದಿಯೂ ಸರಿಯಾಗಿ 120 ಡಿಗ್ರಿ ಅಂತರದಲ್ಲಿ ಕೂರುವುದರಿಂದ ಮೂರು ಉಬ್ಬಿನ ದೋಷ ಮೂರು ಪಟ್ಟಾಗಿ ಕಾಣುತ್ತದೆ. 15ನ್ನು ಮೂರರಿಂದ ಭಾಗಿಸಿದರೆ ನಿಜವಾದ ದೋಷ 5 ಮೈಕ್ರಾನ್. ಪಿನ್ನನ್ನು ಹೊರಗಿನಿಂದ ಸುತ್ತುವರಿಯುವ ವೃತ್ತದ ವ್ಯಾಸ 3.996ಕ್ಕೆ ಆ ಐದನ್ನು ಸೇರಿಸಿದಷ್ಟು, ಅಂದರೆ 4.001. ಸೆಟ್ಟರ್ 4.000 ಅಳತೆಯ ಗೋ ರಿಂಗ್ ಗೇಜ್ ಕೊಟ್ಟರು, ಅಂದರೆ ಸರಿಯಾದ ಪಿನ್ ಒಳಗೆ ಹೋಗಲೇಬೇಕಾದ ಉಂಗುರ. ಪಿನ್ನಿನ ಚ್ಯಾಂಫರ್ ಒಳಗೆ ಹೋಯಿತು, ಮೈ ಹೋಗಲಿಲ್ಲ. ಒತ್ತಬೇಡ ಎಂದರು. ಒತ್ತಿದರೆ ಗೇಜ್ ಹಾಳಾಗುತ್ತದೆ, ಉತ್ತರವೂ ಹಾಳಾಗುತ್ತದೆ.

ನಾನು ಎರಡು ದಿನ ಒದ್ದಾಡಿದ್ದು ಏಕೆಂದು ಆಗ ಅರ್ಥವಾಯಿತು. 8 ಮೈಕ್ರಾನ್ ಜಾಗದಲ್ಲಿ 5 ಮೈಕ್ರಾನನ್ನು ಆಕಾರದ ದೋಷವೇ ತಿಂದುಹಾಕಿತ್ತು. ಟೂಲಿನ ಸವೆತ, ಯಂತ್ರದ ಶಾಖ, ನನ್ನ ಕೈ, ಎಲ್ಲಕ್ಕೂ ಸೇರಿ ಉಳಿದದ್ದು 3. ಯಾವ ಆಫ್‌ಸೆಟ್ ಹಾಕಿದರೂ ಅದು ಸಾಲುವುದಿಲ್ಲ. ಆಫ್‌ಸೆಟ್ ಗಾತ್ರವನ್ನು ಸರಿಸುತ್ತದೆ, ಆಕಾರವನ್ನು ಮುಟ್ಟುವುದೇ ಇಲ್ಲ.

ಸೆಟ್ಟರ್ ಡ್ರಾಯಿಂಗ್ ತೆಗೆದು ವ್ಯಾಸದ ಅಂಕಿಯ ಪಕ್ಕ ಬೆರಳಿಟ್ಟರು. ಸಣ್ಣ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ. ನಾನು ಅದನ್ನು ನೂರು ಸಲ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ಆ ಗುರುತು ಇದ್ದರೆ ಭಾಗವು ತನ್ನ ಗರಿಷ್ಠ ಗಾತ್ರದ, ಲೋಪವಿಲ್ಲದ ಸಿಲಿಂಡರಿನೊಳಗೆ ಪೂರ್ತಿ ಹಿಡಿಯಲೇಬೇಕು. ಆ ಗುರುತು ಇಲ್ಲದಿದ್ದರೆ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಪದ್ಧತಿಯಲ್ಲಿ ವ್ಯಾಸದ ಟಾಲರೆನ್ಸ್ ಎರಡು ಬಿಂದುಗಳ ಅಳತೆಗೆ ಮಾತ್ರ ಅನ್ವಯ, ದುಂಡಗಿನ ಮಾತನ್ನು ಬೇರೆಯಾಗಿ ಹೇಳಬೇಕು. ಇದರ ಹಿಂದಿನ ವಿಚಾರ ಹಳೆಯದು. 1905ರಲ್ಲಿ ಬ್ರಿಟನ್ನಿನ ವಿಲಿಯಂ ಟೇಲರ್ ಹೇಳಿಟ್ಟದ್ದು: ಗೋ ಗೇಜ್ ಭಾಗದ ಪೂರ್ತಿ ಆಕಾರವನ್ನು ಒಟ್ಟಿಗೆ ಪರೀಕ್ಷಿಸಬೇಕು, ಒಳಗೆ ಹೋಗಬಾರದ ನೋ ಗೋ ಗೇಜ್ ಒಂದೊಂದು ಅಳತೆಯನ್ನು ಬಿಡಿಯಾಗಿ ಪರೀಕ್ಷಿಸಬೇಕು. ನಾನು ಮೈಕ್ರೊಮೀಟರಿನಿಂದ ಎರಡನೆಯ ಅರ್ಧವನ್ನು ಮಾತ್ರ ಮಾಡುತ್ತಿದ್ದೆ. ಗ್ರಾಹಕರಿಗೆ ನಾನು ಬರೆದ ಉತ್ತರ ತಪ್ಪು ಎಂದು ಅಂದೇ ಮತ್ತೊಂದು ಪತ್ರ ಬರೆದೆ.

ಆದರೆ ಯಂತ್ರದಲ್ಲಿ ಕಡೆದ ಮೇಲೆ ಬಾರಿನ ಹಳೆಯ ಆಕಾರ ಅಳಿಸಿಹೋಗಬೇಕಲ್ಲವೇ? ಮಾಮೂಲಿ ಲೇತ್‌ನಲ್ಲಾದರೆ ಬಹುಪಾಲು ಅಳಿಸಿಹೋಗುತ್ತದೆ. ನಮ್ಮದರ ಸ್ವಭಾವವೇ ಬೇರೆ. ಸ್ಲೈಡಿಂಗ್ ಹೆಡ್ ಲೇತ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಗಡಿಯಾರದ ಪುಟ್ಟ ಸ್ಕ್ರೂಗಳಿಗಾಗಿ ಹುಟ್ಟಿದ ಯಂತ್ರ. ಅಲ್ಲಿ ಟೂಲ್ ಬಾರಿನ ಉದ್ದಕ್ಕೆ ಓಡುವುದಿಲ್ಲ, ಬಾರೇ ಮುಂದಕ್ಕೆ ಬರುತ್ತದೆ. ಟೂಲಿನ ಪಕ್ಕದಲ್ಲೇ, ಒಂದೆರಡು ಮಿಲಿಮೀಟರ್ ಹಿಂದೆ, ಗೈಡ್ ಬುಷ್ ಎಂಬ ಕೊಳವೆಯಂಥ ಆಸರೆ ಬಾರನ್ನು ಹಿಡಿದಿರುತ್ತದೆ. ಅದರಿಂದಲೇ ತೆಳುವಾದ ಉದ್ದನೆಯ ಭಾಗವನ್ನೂ ಬಾಗದಂತೆ ಕಡೆಯಬಹುದು. ಇದೇ ಈ ಯಂತ್ರದ ಶಕ್ತಿ. ನಮ್ಮ ತೊಂದರೆಯೂ ಇಲ್ಲಿಂದಲೇ ಬಂದದ್ದು. ನಮ್ಮ ಬುಷ್ ಸ್ಥಿರವಾದದ್ದು. ಅದು ನಿಂತಿರುತ್ತದೆ, ಬಾರ್ ಅದರೊಳಗೆ ನಿಮಿಷಕ್ಕೆ 8000 ಸುತ್ತು ತಿರುಗುತ್ತದೆ. ಟೂಲ್ ಒತ್ತಿದಾಗ ಬಾರ್ ಎದುರಿನ ಗೋಡೆಗೆ ಒರಗುತ್ತದೆ. ಉಬ್ಬು ಗೋಡೆಗೆ ಬಂದಾಗ ಬಾರಿನ ನಡುಗೆರೆ ಟೂಲಿನ ಕಡೆಗೆ ಸರಿಯುತ್ತದೆ, ತಗ್ಗು ಬಂದಾಗ ಹಿಂದಕ್ಕೆ ಹೋಗುತ್ತದೆ. ಸುತ್ತಿಗೆ ಮೂರು ಸಲ. ಹಾಗಾಗಿ ಬಾರಿನ ಆಕಾರ ಹೆಚ್ಚುಕಡಿಮೆ ಇದ್ದಂತೆಯೇ ಪಿನ್ನಿನ ಮೇಲೆ ಮೂಡುತ್ತದೆ. ಬಾರನ್ನು ವಿ ಬ್ಲಾಕಿನ ಮೇಲಿಟ್ಟು ನೋಡಿದೆವು. ಡಯಲ್ 18 ತೋರಿಸಿತು, ಅಂದರೆ 6 ಮೈಕ್ರಾನ್. ಪಿನ್ನಿನಲ್ಲಿ 5.

ಗೈಡ್ ಬುಷ್ ಇರುವ ಯಂತ್ರದಲ್ಲಿ ಬಾರ್ ಬರೀ ಕಚ್ಚಾಮಾಲಲ್ಲ, ಯಂತ್ರದ ಒಂದು ಬೇರಿಂಗ್ ಇದ್ದ ಹಾಗೆ. ಬೇರಿಂಗ್ ಕೊಳ್ಳುವಾಗ ನೋಡುವಷ್ಟು ಕಾಳಜಿಯಿಂದ ಬಾರನ್ನು ನೋಡಬೇಕು. ಇದನ್ನು ನಾನು ಈಗ ಯಾರು ಕೇಳಿದರೂ, ಕೇಳದಿದ್ದರೂ ಹೇಳುತ್ತೇನೆ.

ಬಾರಿಗೆ ಆ ಆಕಾರ ಬಂದದ್ದು ಸೆಂಟರ್‌ಲೆಸ್ ಗ್ರೈಂಡಿಂಗ್‌ನಲ್ಲಿ. ಅಲ್ಲಿ ಬಾರನ್ನು ಸೆಂಟರ್‌ಗಳ ನಡುವೆ ಹಿಡಿಯುವುದಿಲ್ಲ. ಅದು ತನ್ನ ಮೈಯನ್ನೇ ಆಧಾರವಾಗಿಟ್ಟುಕೊಂಡು ಎರಡು ಚಕ್ರಗಳ ನಡುವೆ, ಒಂದು ಬ್ಲೇಡಿನ ಮೇಲೆ ತಿರುಗುತ್ತದೆ. ಮೈಯ ಮೇಲಿನ ಉಬ್ಬು ಒಂದು ಕಡೆ ತಾಗಿದಾಗ ಎದುರು ಕಡೆ ತಗ್ಗು ಕೊರೆಯುತ್ತದೆ. ಬಾರಿನ ನಡು ಚಕ್ರಗಳ ನಡುಗೆರೆಯ ಮಟ್ಟದಲ್ಲೇ ಇದ್ದರೆ ಈ ದೋಷ ಬೆಳೆಯುತ್ತ ಹೋಗುತ್ತದೆ. ಬಾರನ್ನು ನಡುಗೆರೆಗಿಂತ ತಕ್ಕಷ್ಟು ಮೇಲೆ ಕೂರಿಸಿದರೆ ದುಂಡಗಾಗುತ್ತದೆ. ನಮಗೆ ಬಾರ್ ಕೊಟ್ಟವರು ಮೈಕ್ರೊಮೀಟರಿನಲ್ಲೇ ಅಳೆದು, ಎಚ್7 ಎಂದು ಪ್ರಮಾಣಪತ್ರ ಕೊಟ್ಟಿದ್ದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ನಮ್ಮ ಖರೀದಿ ಆದೇಶದಲ್ಲಿ ದುಂಡಗಿನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಉಳಿದ ಬಾರುಗಳನ್ನು ಹಿರಿಯರು ಪಕ್ಕದ ಯಂತ್ರಕ್ಕೆ ಹಾಕಿಸಿದರು. ಅದರಲ್ಲಿ ತಿರುಗುವ ಗೈಡ್ ಬುಷ್ ಇತ್ತು. ಬುಷ್ ಬಾರಿನ ಜೊತೆಗೇ ಸುತ್ತುವುದರಿಂದ ಉಬ್ಬುಗಳು ಬುಷ್ಷಿನ ಒಂದೇ ಜಾಗದಲ್ಲಿ ನಿಂತಿರುತ್ತವೆ, ನಡುಗೆರೆ ಅಲುಗುವುದಿಲ್ಲ. ಆ ಬುಷ್ಷಿಗೆ ಅದರದೇ ಬೇರಿಂಗುಗಳ ಓಲಾಟ ಇರುತ್ತದೆ, ಅದಕ್ಕೇ ನಾವು ನಿಖರ ಕೆಲಸಕ್ಕೆ ಸ್ಥಿರ ಬುಷ್ ಇಷ್ಟಪಡುವುದು. ಆದರೆ ಈ ಉಬ್ಬಿನ ಬಾರುಗಳಿಗೆ ಇದೇ ಮೇಲಾಯಿತು. ಡಯಲ್ 3ಕ್ಕೆ ಇಳಿಯಿತು, ಅಂದರೆ ಒಂದು ಮೈಕ್ರಾನ್. ಗಾತ್ರ ಮತ್ತೆ 3.996ಕ್ಕೆ ಹೋಯಿತು, ಪಿನ್ನುಗಳು ರಿಂಗ್ ಗೇಜಿನಲ್ಲಿ ತಮ್ಮ ಭಾರಕ್ಕೇ ಜಾರಿದವು.

ಆಮೇಲಿನಿಂದ ಬಾರ್ ಬಂದ ದಿನವೇ ಪ್ರತಿ ಕಟ್ಟಿನಿಂದ ಮೂರು ಬಾರ್ ತೆಗೆದು, ಎರಡು ತುದಿ ಮತ್ತು ನಡುವಿನಲ್ಲಿ ವಿ ಬ್ಲಾಕ್ ಮೇಲೆ ಉರುಳಿಸಿ ನೋಡುವುದು ರೂಢಿಯಾಯಿತು. ಖರೀದಿ ಆದೇಶದಲ್ಲಿ ದುಂಡಗಿನ ಮಿತಿಯನ್ನೂ ಸೇರಿಸಿದೆವು.

ಇದರಿಂದ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಸುಮಾರು ಒಂದು ವರ್ಷದ ನಂತರ ಬೇರೊಂದು ಲಾಟಿನ ಬಾರ್ ಬಂತು. 60 ಡಿಗ್ರಿ ವಿ ಬ್ಲಾಕಿನಲ್ಲಿ ಡಯಲ್ ಅಲುಗಲೇ ಇಲ್ಲ. ಇಷ್ಟು ಒಳ್ಳೆಯ ಬಾರ್ ಕಂಡೇ ಇಲ್ಲ ಎನಿಸಿತು. ಮೊದಲ ಪಿನ್ ಕಡೆದು ಮೈಕ್ರೊಮೀಟರಿನಲ್ಲಿ ಹಿಡಿದೆ, 3.997. ರಿಂಗ್ ಗೇಜಿಗೆ ಹಾಕಿದೆ, ಹೋಗಲಿಲ್ಲ. ಈ ಸಲ ಆಫ್‌ಸೆಟ್ ಮುಟ್ಟಲಿಲ್ಲ. ಯಂತ್ರ ನಿಲ್ಲಿಸಿ, ಕಾಗದ ಹಿಡಿದು ಕುಳಿತೆ. ಬಾರಿಗೆ ಐದು ಉಬ್ಬಿದ್ದರೆ? ಮೂರು ಬಿಂದುಗಳು 120 ಡಿಗ್ರಿ ಅಂತರದಲ್ಲಿದ್ದಾಗ ಐದು ಉಬ್ಬಿನ ಏರಿಳಿತಗಳು ಒಂದನ್ನೊಂದು ಪೂರ್ತಿ ಕಳೆದುಕೊಂಡು ಸೊನ್ನೆಯಾಗುತ್ತವೆ. 90 ಡಿಗ್ರಿಯ ವಿ ಬ್ಲಾಕ್ ತಂದು ಅದೇ ಬಾರನ್ನು ಉರುಳಿಸಿದೆ. ಮುಳ್ಳು ಸುತ್ತಿಗೆ ಐದು ಸಲ ಏರಿಳಿಯಿತು. ಅಲ್ಲಿ ಐದು ಉಬ್ಬಿನ ದೋಷ ಎರಡು ಪಟ್ಟಾಗಿ ಕಾಣುತ್ತದೆ.

ಈಗ ನಮ್ಮ ಮೇಜಿನ ಮೇಲೆ ಎರಡೂ ವಿ ಬ್ಲಾಕ್ ಇವೆ. ಏಳು ಉಬ್ಬಿನ ಬಾರ್ ಬಂದರೆ ಆ ಎರಡರಲ್ಲೂ ಮುಳ್ಳು ಅಲುಗುವುದಿಲ್ಲ. ಅದನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ಹಾಗಾಗಿ ಹೊಸ ಬಾರ್ ಹಾಕಿದಾಗಲೆಲ್ಲ ಮೊದಲ ಪಿನ್ನನ್ನು ಒರೆಸಿ, ಮೈಕ್ರೊಮೀಟರ್ ಎತ್ತಿಕೊಳ್ಳುವ ಮುಂಚೆ ರಿಂಗ್ ಗೇಜಿನೊಳಗೆ ಬಿಡುತ್ತೇನೆ.